ಸ್ಪೇನ್‌ಗೆ ಬಂದ ಹೊಸಬರಿಗೆ: ಇಯರ್‌ಫೋನ್, ಸ್ಪೀಕರ್ ಮತ್ತು ಗೋಡೆಯ ಮೇಲಿನ ಆ ಫೋನು

ಬೆಂಗಳೂರಲ್ಲೇ ಆ್ಯಪ್ ಹಾಕಿಕೊಂಡು ಸ್ಪ್ಯಾನಿಷ್ ಕಲಿತು ಬರುವವರೇ ಈಗ ಜಾಸ್ತಿ. ಒಳ್ಳೆಯದೇ. ಆದರೆ ಅಲ್ಲಿ ಕಲಿಸುವುದು ಎಷ್ಟೋ ಸಲ ಮೆಕ್ಸಿಕೊ ಕಡೆಯ ಮಾತು. ನಾನೂ ಹಾಗೇ ಕಲಿತು ಬಂದು, ಮ್ಯಾಡ್ರಿಡ್‌ನ ಅಂಗಡಿಯೊಂದರಲ್ಲಿ ಇಯರ್‌ಫೋನಿಗೆ ‘ಔದೀಫೊನೋಸ್’ ಅಂತ ಕೇಳಿದೆ. ಹುಡುಗ ನನ್ನನ್ನೊಮ್ಮೆ ನೋಡಿದ. ಪಾಪ ಅನ್ನಿಸಿತೋ ಏನೋ, ದನಿ ಎತ್ತರಿಸಿ, ಪಕ್ಕದ ಬೀದಿಯ ಕನ್ನಡಕದ ಅಂಗಡಿಗೆ ಹೋಗಲು ಹೇಳಿದ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಇಲ್ಲಿ ಔದೀಫೊನೊ ಅಂದರೆ ಕಿವಿ ಸರಿಯಾಗಿ ಕೇಳದವರು ಹಾಕಿಕೊಳ್ಳುವ ಮೆಷಿನ್. ಕನ್ನಡಕದ ಅಂಗಡಿಗಳಲ್ಲೂ ಅದನ್ನು ಮಾರುತ್ತಾರೆ.

ನಿಮಗೆ ಬೇಕಾದದ್ದು ಔರಿಕುಲಾರೆಸ್. ಬಾಯಿಮಾತಲ್ಲಿ ಕಾಸ್ಕೋಸ್. ವೈರ್ ಇಲ್ಲದ್ದಾದರೆ ‘ಇನಲಾಂಬ್ರಿಕೋಸ್’ ಸೇರಿಸಿ. ಕಾಸ್ಕೊ ಅಂದರೆ ಹೆಲ್ಮೆಟ್ ಕೂಡ. ಸೈಕಲ್ ಹತ್ತುವಾಗ ಕಾಸ್ಕೊ ಇರಲಿ, ಕಾಸ್ಕೋಸ್ ಬೇಡ. ಕಿವಿಯಲ್ಲಿ ಹಾಡು ಹಾಕಿಕೊಂಡು ಓಡಿಸಿದರೆ 200 ಯೂರೊ ದಂಡ. ಊರಲ್ಲಿ ನಡೆಯುತ್ತಿತ್ತು ಅನ್ನಬೇಡಿ.

ಉಚ್ಚಾರಣೆಗೆ ಹೆದರಬೇಡಿ. ಇವರ ತ, ದ, ಪ ನಮ್ಮವೇ. ಇಂಗ್ಲಿಷಿನವರು ಒದ್ದಾಡುವ ಕಡೆ ಕನ್ನಡದ ನಾಲಿಗೆ ಸಲೀಸಾಗಿ ಹೊರಳುತ್ತದೆ.

ಉಳಿದವು:
ಸ್ಪೀಕರ್ – ಆಲ್ತಬೋಥ್
ರಿಮೋಟ್ – ಮಾಂದೊ
ಚಾರ್ಜರ್ – ಕಾರ್ಗದೋರ್
ಪ್ಲಗ್, ಸಾಕೆಟ್ ಎರಡಕ್ಕೂ – ಎಂಚೂಫೆ
ಸೆಲ್ – ಪೀಲಾ
ಕೇಳಿಸುತ್ತಿಲ್ಲ – ನೋ ಸೆ ಓಯೆ

ಇನ್ನು ತೆಲೆಫೊನೀಯೊ. ಬಾಗಿಲ ಪಕ್ಕ ಗೋಡೆಗೆ ನೇತು ಹಾಕಿರುತ್ತಾರಲ್ಲ, ಆ ಇಂಟರ್‌ಕಾಮ್. ಕೆಳಗೆ ವಾಚ್‌ಮನ್ ಇರುತ್ತಾನೆ, ಪಾರ್ಸೆಲ್ ಇಟ್ಟುಕೊಂಡಿರುತ್ತಾನೆ ಅಂತ ಕಾಯಬೇಡಿ. ಮೊದಲ ತಿಂಗಳು ಅದು ಬಡಿದುಕೊಂಡಾಗೆಲ್ಲ ನಾನು ಎತ್ತಿ ‘ಹಲೋ’ ಅನ್ನುತ್ತಿದ್ದೆ. ಪಾರ್ಸೆಲ್ ತಂದವನು ಕೆಳಗಿಂದ ‘ಪಾಕೇತೆ’, ಅಂದರೆ ಪಾರ್ಸೆಲ್, ಅನ್ನುತ್ತಿದ್ದ. ನಾನು ‘ಸೀ, ಸೀ’ (ಹೌದು, ಹೌದು) ಅಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ಅದರ ಮೇಲೊಂದು ಬಟನ್ ಇರುತ್ತದೆ, ಅದನ್ನು ಒತ್ತಿದರೇನೇ ಕೆಳಗಿನ ಬಾಗಿಲು ತೆರೆಯುವುದು ಅಂತ ಯಾರಾದರೂ ಹೇಳಬೇಡವೇ? ಅಮ್ಮ ಕಳಿಸಿದ ಚಟ್ನಿಪುಡಿ ಬಾಗಿಲವರೆಗೆ ಬಂದು ವಾಪಸ್ ಹೋಯಿತು. ಅದಕ್ಕೇ ಹೇಳುತ್ತಿದ್ದೇನೆ: ಎತ್ತಿ, ‘ಕ್ಯೆನ್ ಎಸ್?’ (ಯಾರು?) ಅನ್ನಿ, ಬಟನ್ ಒತ್ತಿ, ಬಾಗಿಲು ಸದ್ದು ಮಾಡುವವರೆಗೂ ಬಿಡಬೇಡಿ.

ಬಿಲ್ಲನ್ನು ದಯವಿಟ್ಟು ಎಸೆಯಬೇಡಿ! ನಮ್ಮವರಿಗೆ ಈ ಚಾಳಿ ಹೋಗುವುದೇ ಇಲ್ಲ. ಬಿಲ್ಲಿಲ್ಲದೆ ಒಂದು ಸ್ಪೀಕರ್ ಬದಲಾಯಿಸಲಾಗದೆ ಮೂಲೆಗಿಟ್ಟಿದ್ದೇನೆ. 2022ರಿಂದೀಚೆಗೆ ಕೊಂಡ ಹೊಸ ವಸ್ತುವಿಗೆ ಕಾನೂನಿನ ಪ್ರಕಾರವೇ 3 ವರ್ಷ ಗ್ಯಾರಂಟಿ ಇದೆ. ಆ ಕಾಗದದ ಅಕ್ಷರ ಬೇಗ ಮಾಸುತ್ತದೆ. ಅಂಗಡಿಯಿಂದ ಹೊರಬರುವಾಗಲೇ ಫೋಟೊ ತೆಗೆದಿಡಿ. ಅಂಗಡಿಯವರು ತಕರಾರು ಮಾಡಿದರೆ ‘ಓಹಾ ದೆ ರೆಕ್ಲಾಮಸ್ಯೋನೆಸ್’, ಅಂದರೆ ದೂರಿನ ಹಾಳೆ, ಕೇಳಿ.

ಬೇಸಿಗೆಯಲ್ಲಿ ಅಪ್ಪ-ಅಮ್ಮ ಬಂದು, ಅವರ ಕಿವಿಯ ಮೆಷಿನ್ನಿನ ಸೆಲ್ ಮುಗಿದರೆ ಔಷಧಿ ಅಂಗಡಿಗೆ ಹೋಗಿ. ಆಗ ಮಾತ್ರ ಧೈರ್ಯವಾಗಿ ‘ಪೀಲಾಸ್ ಪಾರಾ ಔದೀಫೊನೊ’ ಅನ್ನಿ.