ಈಶೆಲ್ ಒಳಗೇ ಚಿತ್ರ: ನಾನು ಮಾಡಿಕೊಂಡ ಬಗೆ

ಸರ್ವರ್‌ನಲ್ಲಿ ಲೆಕ್ಕ ಓಡಿಸಿ ಗ್ನುಪ್ಲಾಟ್‌ನಿಂದ ಗ್ರಾಫ್ ತೆಗೆಯುವುದು ನನ್ನ ನಿತ್ಯದ ಕೆಲಸ. ಬೆಳಗಿನಿಂದ ಸಂಜೆವರೆಗೆ ಈಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್ ಬಿಟ್ಟು ಹೊರಗೆ ಬರದ ನಾನು ಗ್ರಾಫ್ ನೋಡಲು ಮಾತ್ರ ಬೇರೆ ವಿಂಡೋ ತೆರೆಯಬೇಕಾಗುತ್ತಿತ್ತು. ಈಮ್ಯಾಕ್ಸ್ ಒಳಗಿನ ಕಮಾಂಡ್ ಶೆಲ್ ಆದ ಈಶೆಲ್‌ನಲ್ಲಿ ಕಮಾಂಡ್ ಕೊಟ್ಟಲ್ಲೇ, ಅದರ ಕೆಳಗೇ ಚಿತ್ರ ಬರಲಿ ಅನ್ನುವುದಷ್ಟೇ ನನ್ನ ಆಸೆ.

ಟರ್ಮಿನಲ್ ಮಂದಿ ಇದಕ್ಕೆ ಸಿಕ್ಸೆಲ್ ಅನ್ನುವ ಚಿತ್ರ ವಿಧಾನ ಬಳಸುತ್ತಾರೆ, ಇಲ್ಲವೇ ಕಿಟ್ಟಿ ಟರ್ಮಿನಲ್‌ನ ಪ್ರೋಟೊಕಾಲ್. ಎರಡರಲ್ಲೂ ಚಿತ್ರ ಎಸ್ಕೇಪ್ ಕೋಡುಗಳಾಗಿ (ಟರ್ಮಿನಲ್‌ಗೆ ಕೊಡುವ ವಿಶೇಷ ಸೂಚನೆಗಳಾಗಿ) ಬರುತ್ತದೆ, ಟರ್ಮಿನಲ್ ಅದನ್ನು ಬಿಡಿಸಿ ತೋರಿಸುತ್ತದೆ. ಈಶೆಲ್‌ಗೆ ಆ ಸರ್ಕಸ್ ಬೇಕಿಲ್ಲ. ಜಾನ್ ವೀಗ್ಲಿ ಬರೆದ ಈ ಶೆಲ್ ಪೂರ್ತಿ ಈಮ್ಯಾಕ್ಸ್ ಲಿಸ್ಪ್. ಹಿಂದೆ ಬ್ಯಾಶ್‌ನಂಥ ಬೇರೆ ಶೆಲ್ಲೂ ಇಲ್ಲ, ಟರ್ಮಿನಲ್ಲೂ ಇಲ್ಲ. 2001ರಲ್ಲಿ ಈಮ್ಯಾಕ್ಸ್ 21ರ ಜೊತೆ ಬಂದದ್ದು. ಬಫರಿನಲ್ಲಿ, ಅಂದರೆ ಈಮ್ಯಾಕ್ಸ್ ಪಠ್ಯ ತೆರೆದಿಡುವ ಜಾಗದಲ್ಲಿ, ಚಿತ್ರ ತೋರಿಸುವ ಸೌಕರ್ಯ ಬಂದದ್ದೂ ಅದೇ ಆವೃತ್ತಿಯಲ್ಲಿ. ಒಂದೇ ಮನೆಯಲ್ಲಿದ್ದೂ ಮಾತುಬಿಟ್ಟ ಅಣ್ಣತಮ್ಮಂದಿರ ಹಾಗಿದ್ದ ಇವೆರಡನ್ನು ಮಾತಾಡಿಸಿದರೆ ಸಾಕಿತ್ತು.

ಈಶೆಲ್‌ನಲ್ಲಿ ಹೊಸ ಕಮಾಂಡ್ ಮಾಡುವುದು ಸಲೀಸು. 'ಈಶೆಲ್' ಅಂತ ಬರೆದು, ಒಂದು ಸ್ಲ್ಯಾಶ್ ಹಾಕಿ, ಮುಂದೆ ಬೇಕಾದ ಹೆಸರು ಸೇರಿಸಿ ಲಿಸ್ಪ್ ಫಂಕ್ಷನ್ ಬರೆದರೆ ಆಯಿತು. ಆ ಫಂಕ್ಷನ್ ಕೊಡುವ ಸ್ಟ್ರಿಂಗ್ (ಅಕ್ಷರಗಳ ಸಾಲು) ತನ್ನ ಟೆಕ್ಸ್ಟ್ ಪ್ರಾಪರ್ಟಿಗಳ, ಅಂದರೆ ಅಕ್ಷರಕ್ಕೆ ಅಂಟಿಸಿದ ಬಣ್ಣ ಮುಂತಾದ ಗುಣಗಳ ಸಮೇತ ಬಫರಿಗೆ ಇಳಿಯುತ್ತದೆ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟಾಗ ಬರುವ ಬಣ್ಣಗಳೂ ಹೀಗೇ ಬರುವುದು. ಹಾಗಾಗಿ ಒಂದು ಸ್ಪೇಸ್ ತೆಗೆದುಕೊಂಡು, ಅದರ 'ಡಿಸ್‌ಪ್ಲೇ' ಪ್ರಾಪರ್ಟಿಗೆ 'ಕ್ರಿಯೇಟ್-ಇಮೇಜ್' ಫಂಕ್ಷನ್ ಕೊಟ್ಟ ಚಿತ್ರವನ್ನು ಕಟ್ಟಿ ಹಿಂತಿರುಗಿಸಿದರೆ ಚಿತ್ರ ಪ್ರತ್ಯಕ್ಷ.

ಸ್ಪೇಸ್ ಬದಲು ಫೈಲಿನ ಹೆಸರನ್ನೇ ಆ ಸ್ಟ್ರಿಂಗ್ ಆಗಿ ಇಟ್ಟುಕೊಳ್ಳುವುದು ಇನ್ನೂ ಚೆನ್ನ. ಪರದೆಯ ಮೇಲೆ ಹೆಸರು ಕಾಣುವುದಿಲ್ಲ, ಚಿತ್ರವೇ ಕಾಣುತ್ತದೆ. ಆದರೆ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದಾಗ, ಅಥವಾ ಚಿತ್ರವನ್ನು ಕಾಪಿ ಮಾಡಿ ಟಿಪ್ಪಣಿಗೆ ಹಾಕಿ ಸೇವ್ ಮಾಡಿದಾಗ, ಉಳಿಯುವುದು ಆ ಒಳಗಿನ ಅಕ್ಷರ ಮಾತ್ರ. ಸ್ಪೇಸ್ ಇಟ್ಟಿದ್ದರೆ ಅಲ್ಲಿ ಏನೂ ಕಾಣದು. ಹೆಸರಿದ್ದರೆ ಯಾವ ಗ್ರಾಫ್ ಅಂತಲಾದರೂ ಗೊತ್ತಾಗುತ್ತದೆ. ಟರ್ಮಿನಲ್ ಒಳಗೆ ಈಮ್ಯಾಕ್ಸ್ ತೆರೆದಾಗಲೂ ಚಿತ್ರದ ಜಾಗದಲ್ಲಿ ಹೆಸರೇ ಬರುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಅದೇ ಹೆಸರಿನ ಫೈಲಿಗೆ ಹೊಸ ಗ್ರಾಫ್ ಬರೆದು ಮತ್ತೆ ಕಮಾಂಡ್ ಕೊಟ್ಟರೆ ಬರುವುದು ಹಳೇ ಗ್ರಾಫ್. ಈಮ್ಯಾಕ್ಸ್ ಚಿತ್ರಗಳನ್ನು ಕ್ಯಾಶ್‌ನಲ್ಲಿ (ಮರುಬಳಕೆಗೆಂದು ಎತ್ತಿಟ್ಟ ಮೆಮೊರಿಯಲ್ಲಿ) ಇಟ್ಟುಕೊಳ್ಳುತ್ತದೆ, ಫೈಲಿನ ಹೆಸರು ಅದೇ ಆದರೆ ಚಿತ್ರವೂ ಅದೇ ಅಂದುಕೊಳ್ಳುತ್ತದೆ. ಇನ್ನೊಂದು ತೊಡಕು: ದೂರದ ಯಂತ್ರದ ಫೈಲುಗಳನ್ನು ತೆರೆಯುವ ಈಮ್ಯಾಕ್ಸ್‌ನ ಟ್ರ್ಯಾಂಪ್ ದೆಸೆಯಿಂದ ಈಶೆಲ್‌ನಲ್ಲಿ ಸಿಡಿ ಕಮಾಂಡ್ ಕೊಟ್ಟು ನೇರ ಸರ್ವರ್‌ನ ಫೋಲ್ಡರಿಗೆ ಹೋಗಬಹುದು, ಎಲ್‌ಎಸ್ ಕೊಟ್ಟರೆ ಅಲ್ಲಿನ ಫೈಲುಗಳು ಬರುತ್ತವೆ, ಚಿತ್ರ ಮಾತ್ರ ಬರುವುದಿಲ್ಲ. ಈಮ್ಯಾಕ್ಸ್‌ನಲ್ಲಿ ಚಿತ್ರ ಓದುವ ಸಿ ಭಾಷೆಯ ಕೋಡ್‌ಗೆ ನಮ್ಮ ಯಂತ್ರದ ಫೈಲ್ ಮಾತ್ರ ಗೊತ್ತು.

ಕ್ಯಾಶ್ ತೊಳೆಯುವ 'ಇಮೇಜ್-ಫ್ಲಶ್' ಇದೆ, ದೂರದ ಫೈಲನ್ನು ಇಲ್ಲಿಗೆ ತರುವ 'ಫೈಲ್-ಲೋಕಲ್-ಕಾಪಿ'ಯೂ ಇದೆ. ನಾನು ಎರಡನ್ನೂ ಬಿಟ್ಟೆ. ತಾತ್ಕಾಲಿಕ ಬಫರ್ ತೆರೆದು, ಬೈಟುಗಳನ್ನು ಅಕ್ಷರಗಳಾಗಿ ಓದದಂತೆ ಅದರ ಮಲ್ಟಿಬೈಟ್ ಆಫ್ ಮಾಡಿ, 'ಇನ್ಸರ್ಟ್-ಫೈಲ್-ಕಂಟೆಂಟ್ಸ್-ಲಿಟರಲಿ'ಯಿಂದ ಬೈಟುಗಳನ್ನು ಓದಿ, ಹೆಸರಿನ ಬದಲು ಆ ಡೇಟಾವನ್ನೇ 'ಕ್ರಿಯೇಟ್-ಇಮೇಜ್'ಗೆ ಕೊಟ್ಟೆ. ಓದುವ ಕೆಲಸ ಟ್ರ್ಯಾಂಪ್‌ಗೆ ಹೋಯಿತು, ಸರ್ವರ್ ಚಿತ್ರ ಬಂತು. ಬೈಟುಗಳು ಬದಲಾದರೆ ಕ್ಯಾಶ್‌ಗೂ ಅದು ಬೇರೆ ಚಿತ್ರವೇ, ಹಾಗಾಗಿ ಹಳೇ ಗ್ರಾಫಿನ ಕಾಟವೂ ತಪ್ಪಿತು.

ಗಾತ್ರಕ್ಕೆ ಗರಿಷ್ಠ ಅಗಲ, ಎತ್ತರದ ಮಿತಿ ಕೊಟ್ಟರೆ ಆಯಿತು. ಎತ್ತರವನ್ನು ವಿಂಡೋದ ಅರ್ಧಕ್ಕೆ ನಿಲ್ಲಿಸಿದ್ದೇನೆ, ಇಲ್ಲದಿದ್ದರೆ ಸ್ಕ್ರೋಲ್ ಮಾಡುವಾಗ ಇಡೀ ಚಿತ್ರ ಒಂದೇ ಸಾಲಿನಂತೆ ಹಾರಿಹೋಗುತ್ತದೆ. 27ಕ್ಕಿಂತ ಹಳೇ ಈಮ್ಯಾಕ್ಸ್ ಆದರೆ ಅಳತೆ ಬದಲಿಸಲು ಇಮೇಜ್‌ಮ್ಯಾಜಿಕ್ ಅನ್ನುವ ಚಿತ್ರ ತಿದ್ದುವ ಲೈಬ್ರರಿ ಬೇಕು.

ಫೈಲಿನಲ್ಲಿರುವುದನ್ನು ತೋರಿಸುವ ಕ್ಯಾಟ್ ಕಮಾಂಡನ್ನೇ ತಿದ್ದಿ ಚಿತ್ರ ತೋರಿಸುವಂತೆ ಮಾಡುವವರಿದ್ದಾರೆ. ನನಗದು ಹಿಡಿಸಲಿಲ್ಲ. ಪೈಪಿನಲ್ಲಿ ಹಾಕಿದಾಗ, ಅಂದರೆ ಔಟ್‌ಪುಟ್ಟನ್ನು ಇನ್ನೊಂದು ಕಮಾಂಡಿಗೆ ಕೊಟ್ಟಾಗ, ಕ್ಯಾಟ್ ಬೈಟುಗಳನ್ನು ಇದ್ದ ಹಾಗೇ ಕೊಡಬೇಕು, ಬೊಂಬೆ ತೋರಿಸಬಾರದು. ಬೇರೆ ಹೆಸರಿಟ್ಟು, ಎಷ್ಟು ಫೈಲ್ ಬೇಕಾದರೂ ತೆಗೆದುಕೊಳ್ಳುವಂತೆ ಬರೆದೆ. ನಕ್ಷತ್ರ ಚುಕ್ಕೆ ಪಿಎನ್‌ಜಿ (*.png) ಅಂದರೆ ಫೋಲ್ಡರಿನ ಗ್ರಾಫುಗಳೆಲ್ಲ ಒಂದರ ಕೆಳಗೊಂದು ಬರುತ್ತವೆ. ಹೀಗೆ ತುಂಬಾ ತೆರೆದ ದಿನ ಡೇಟಾ ಎಲ್ಲ ಬಫರಿನಲ್ಲೇ ಕೂತು ಮೆಮೊರಿ ತಿನ್ನುತ್ತದೆ. ಆಗ ಹಳೇ ಔಟ್‌ಪುಟ್ ಅಳಿಸುವ ಈಶೆಲ್‌ನದೇ 'ಕ್ಲಿಯರ್-ಸ್ಕ್ರೋಲ್‌ಬ್ಯಾಕ್' ಕೊಟ್ಟುಬಿಡುತ್ತೇನೆ.