ಬತ್ತಿ ಸ್ಟವ್ ಹೊಗೆ ಉಗುಳ್ತಾ ಇದ್ರೆ ಮೊದಲು ಇದನ್ನು ನೋಡಿ

ಶಿರಸಿ ಕಡೆ ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಸಿಲಿಂಡರ್ ಕೂಡ ಒಮ್ಮೊಮ್ಮೆ ತಡ. ಹಾಗಾಗಿ ಮೆತ್ತಿ ಮೇಲಿದ್ದ ಹಳೇ ಸೀಮೆಎಣ್ಣೆ ಸ್ಟವ್ ಇಳಿಸಿದೆ. ಹಚ್ಚಿದರೆ ಹಳದಿ ಉರಿ, ಪಾತ್ರೆ ತಳವೆಲ್ಲ ಮಸಿ. ಜೊತೆಗೆ ಚಟಪಟ ಸದ್ದು.

ಆ ಸದ್ದು ಅಂದ್ರೆ ಹೆಚ್ಚಾಗಿ ಎಣ್ಣೆಯಲ್ಲಿ ನೀರು. ನಮ್ಮ ತೇವದ ಹವೆಗೆ ಅರ್ಧ ತುಂಬಿದ ಟ್ಯಾಂಕಿನ ಒಳಗೆ ನೀರಹನಿ ಕಟ್ಟುತ್ತದೆ. ನೀರು ಭಾರ, ತಳಕ್ಕೆ ಕೂರುತ್ತದೆ. ಬತ್ತಿಯ ಬಾಲ ಇರುವುದೂ ಅಲ್ಲೇ ಅಲ್ವಾ? ಎಣ್ಣೆಯನ್ನು ಗಾಜಿನ ಬಾಟಲಿಗೆ ಸುರಿದು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ತಳದಲ್ಲಿ ಬೆರಳು ದಪ್ಪ ನೀರು, ಮೇಲೆ ಎಣ್ಣೆ, ನಡುವೆ ಗೆರೆ ಎಳೆದ ಹಾಗೆ. ಮೇಲಿನದಷ್ಟೇ ಬಗ್ಗಿಸಿಕೊಂಡೆ. ನೀರು ಕುಡಿದ ಬತ್ತಿ ಒಣಗಿಸಿದರೂ ಸರಿಯಾಗಲಿಲ್ಲ, ಹೊಸದೇ ಹಾಕಿದೆ.

ಹೊಸ ಬತ್ತಿ ಹಾಕಿದ ತಕ್ಷಣ ಕಡ್ಡಿ ಗೀರಬೇಡಿ. ಅರ್ಧ ಗಂಟೆ ಎಣ್ಣೆ ಹೀರಲಿ, ಇಲ್ಲಾಂದ್ರೆ ಬತ್ತಿಯೇ ಸುಡುತ್ತದೆ. ಎಲ್ಲ ಬತ್ತಿಯೂ ಒಂದೇ ಎತ್ತರ ಇರಬೇಕು. ಒಂದು ಜಾಸ್ತಿ ಉದ್ದ ಇದ್ದರೂ ಆ ಬದಿಗೆ ಹಳದಿ ನಾಲಿಗೆ ಏಳುತ್ತದೆ. ಬತ್ತಿಯ ಮೇಲೆ ಕೂರುವ ತೂತಿನ ಕೊಳವೆಗಳ ಮಸಿಯನ್ನು ಹಳೇ ಟೂತ್‌ಬ್ರಷ್‌ನಿಂದ ತೆಗೆಯಿರಿ. ಗಾಳಿ ಆಡಿದರೆ ಮಾತ್ರ ನೀಲಿ ಉರಿ.

ಉರಿಯುವಾಗ ಎಣ್ಣೆ ತುಂಬಬೇಡಿ, ಪೂರ್ತಿ ತಣ್ಣಗಾಗಲಿ. ಪೆಟ್ರೋಲ್ ಬೆರೆಸುವ ಯೋಚನೆಯೇ ಬೇಡ. ಚಳಿ ಅಂತ ಬಾಗಿಲು ಹಾಕಿಕೊಂಡು ಇದರ ಮುಂದೆ ಕೂರುವುದಂತೂ ಬೇಡವೇ ಬೇಡ. ಉರಿಯಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ನಮ್ಮಮ್ಮನಿಗೆ ಹೇಳಿ ಹೇಳಿ ಸಾಕಾಯ್ತು, ಇನ್ನೂ ಕಿಟಕಿ ಮುಚ್ಚುವುದು ಬಿಟ್ಟಿಲ್ಲ.