ರಂಪಕ್ಕೆ ಮುಂಚಿನ ಅರ್ಧ ಗಂಟೆ

ಮಗು ಹೊಡೆಯುತ್ತೆ, ಕಚ್ಚುತ್ತೆ, ತರಗತಿಯಿಂದ ಎದ್ದು ಓಡುತ್ತೆ ಅಂತ ಪೋಷಕರು ಬಂದಾಗ ನಾನು ಮೊದಲು ಕೇಳುವುದು ರಂಪದ ವಿವರವನ್ನಲ್ಲ, ಅದಕ್ಕೆ ಮುಂಚಿನ ಅರ್ಧ ಗಂಟೆಯ ವಿವರವನ್ನು. ಶಬ್ದ, ಸ್ಪರ್ಶ, ಬೆಳಕು, ವಾಸನೆ, ಚಲನೆಗೆ ಎಷ್ಟು ಪ್ರತಿಕ್ರಿಯೆ ಬೇಕೆಂದು ಮಿದುಳು ಹದ ಮಾಡಿಕೊಳ್ಳುವ ಕೆಲಸಕ್ಕೆ ಸೆನ್ಸರಿ ಮಾಡ್ಯುಲೇಷನ್ ಎನ್ನುತ್ತೇವೆ. ಹದ ತಪ್ಪಿದ ಮಗುವಿನಲ್ಲಿ ಸಣ್ಣ ಕಿರಿಕಿರಿಗಳು ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ. ಕೊನೆಯದು ಕಣ್ಣಿಗೆ ಬೀಳುತ್ತದೆ, ಉಳಿದವು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಿವಿಯ ಸೋಂಕು, ಹಲ್ಲುನೋವು, ಮಲಬದ್ಧತೆ, ನಿದ್ದೆಗೇಡು, ಇವನ್ನು ಮೊದಲು ಮಕ್ಕಳ ವೈದ್ಯರಿಂದ ನೋಡಿಸಿಬಿಡಬೇಕು. ಆಮೇಲೆ 14 ದಿನದ ದಾಖಲೆ. ಸಮಯ, ಜಾಗ, ಹಿಂದಿನ 30 ನಿಮಿಷದಲ್ಲಿ ನಡೆದದ್ದು, ರಂಪದ ರೂಪ, ದೊಡ್ಡವರು ಆಮೇಲೆ ಮಾಡಿದ್ದು, ಮಗು ತಣ್ಣಗಾಗಲು ಹಿಡಿದ ನಿಮಿಷ. ಕೊನೆಯ ಎರಡು ಕಲಮುಗಳನ್ನೇ ಹೆಚ್ಚಿನವರು ಖಾಲಿ ಬಿಡುತ್ತಾರೆ, ಬೆಲೆ ಇರುವುದು ಅಲ್ಲೇ. ‘ಸುಮ್ಮನೆ ಅತ್ತ’ ಎಂದು ಬರೆದ ಸಾಲು ಉಪಯೋಗಕ್ಕೆ ಬಾರದು.

ನೋಡುವವರಿಲ್ಲದಿದ್ದರೂ ರಂಪ ನಡೆದರೆ, ಕೇಳಿದ್ದು ಕೊಟ್ಟರೂ ನಿಲ್ಲದಿದ್ದರೆ, ಅದು ಬಹುಪಾಲು ಸಂವೇದನೆಯ ಒತ್ತಡ. ಆದರೆ ಕೂಗಿದಾಗಲೆಲ್ಲ ತಲೆ ಬಾಚುವುದು ನಿಂತುಹೋದರೆ, ಕೂಗಿದರೆ ನಿಲ್ಲುತ್ತದೆ ಎಂಬುದನ್ನು ಮಗು ಕಲಿಯುತ್ತದೆ. ಶುರುವಾದದ್ದು ನೆತ್ತಿಯ ನೋವಿನಿಂದ, ಉಳಿದದ್ದು ಅಭ್ಯಾಸದಿಂದ. ‘ಎಲ್ಲ ಹಠ’ ಎನ್ನುವವರೂ ‘ಎಲ್ಲ ಸೆನ್ಸರಿ’ ಎನ್ನುವವರೂ ಎಡವುವುದು ಇಲ್ಲಿಯೇ. ಎರಡಕ್ಕೂ ಒಟ್ಟಿಗೆ ಕೆಲಸ ಬೇಕು: ನೋವು ಕಡಿಮೆ ಮಾಡಿ, ಕೂಗಿನ ಬದಲು ‘ಸಾಕು’ ಎಂಬ ಸನ್ನೆ ಕಲಿಸಿ, ಆ ಸನ್ನೆ ಕಂಡ ತಕ್ಷಣ ನಿಲ್ಲಿಸಬೇಕು.

ಅತಿಯಾಗಿ ಪ್ರತಿಕ್ರಿಯಿಸುವುದು, ತೀರಾ ಕಡಿಮೆ ಪ್ರತಿಕ್ರಿಯಿಸುವುದು, ಅಂಥ ಅನುಭವವನ್ನೇ ಸದಾ ಹುಡುಕುವುದು ಎಂದು ಮೂರು ಬಗೆ ಮಾಡುತ್ತೇವೆ. ಈ ಹೆಸರನ್ನು ಮಗುವಿಗಲ್ಲ, ಒಂದೊಂದು ಇಂದ್ರಿಯಕ್ಕೆ ಅಂಟಿಸಬೇಕು. ಶಬ್ದಕ್ಕೆ ಕಿವಿ ಮುಚ್ಚುವ ಮಗುವೇ ಕುಣಿತಕ್ಕೆ ಹಸಿದಿರಬಹುದು. ಬೆಳಿಗ್ಗೆ ಸಹಿಸಿದ ಗದ್ದಲವನ್ನು ಸಂಜೆ ಸಹಿಸದು.

ಸ್ಪರ್ಶದಲ್ಲಿ ಹಗುರವಾದದ್ದೇ ಹೆಚ್ಚು ಕಾಡುತ್ತದೆ, ಗಟ್ಟಿ ಒತ್ತಡ ಸಮಾಧಾನ ಕೊಡುತ್ತದೆ. ಬಾಚುವ ಮುಂಚೆ ಮಗು ಒಪ್ಪಿದರೆ ಅಂಗೈಯಿಂದ ತಲೆಯನ್ನು ನಿಧಾನವಾಗಿ ಒತ್ತಿ, ಕನ್ನಡಿ ಮುಂದೆ ಕೂರಿಸಿ, 10ರವರೆಗೆ ಎಣಿಸುತ್ತಾ ಬಾಚಿ, ಎಣಿಕೆ ಮುಗಿದಾಗ ಕೈ ತೆಗೆಯಬೇಕು. ‘ಇನ್ನೊಂದೇ ಸಲ’ ಎಂದು ಎಣಿಕೆ ದಾಟಿದರೆ ಗಳಿಸಿದ ನಂಬಿಕೆ ಹೋಯಿತು. ಕಾಲುಚೀಲದ ಹೊಲಿಗೆ ಚುಚ್ಚಿದರೆ ತಿರುವಿ ಹಾಕಿ.

ಭಾರದ ಕೆಲಸವೇ ನಮ್ಮ ಮುಖ್ಯ ಸಾಧನ: ಗೋಡೆ ತಳ್ಳುವುದು, ಪುಸ್ತಕದ ಪೆಟ್ಟಿಗೆ ನೂಕುವುದು, ಅಂಬೆಗಾಲಲ್ಲಿ ಸಾಗುವುದು. ಕಷ್ಟದ ಹೊತ್ತಿಗೆ ಮುಂಚೆ 5ರಿಂದ 10 ನಿಮಿಷ ಸಾಕು. ದಿನದಲ್ಲಿ ಎಷ್ಟು ಸಲ ಎಂಬುದನ್ನು ದಾಖಲೆಯೇ ಹೇಳುತ್ತದೆ. ಒಂದು ದೊಡ್ಡ ತಪ್ಪು ಮತ್ತೆ ಮತ್ತೆ ಕಾಣುತ್ತದೆ: ಮಗು ಹೊಡೆದ ಮೇಲೆ ಉಯ್ಯಾಲೆಗೆ ಕರೆದೊಯ್ಯುವುದು. ಹಾಗೆ ಮಾಡಿದರೆ ಹೊಡೆತವೇ ಉಯ್ಯಾಲೆಗೆ ಟಿಕೆಟ್ ಆಗುತ್ತದೆ. ಗಡಿಯಾರ ನೋಡಿ, ರಂಪಕ್ಕೆ ಮುಂಚೆಯೇ ಕೊಡಿ. ಒಳ್ಳೆಯ ನಡತೆಗೆ ಬಹುಮಾನವಾಗಿಯೂ ಬೇಡ, ಶಿಕ್ಷೆಯಾಗಿ ಕಿತ್ತುಕೊಳ್ಳುವುದೂ ಬೇಡ.

ಉಯ್ಯಾಲೆಯ ನಿಧಾನ, ನೇರ ತೂಗು ತಣ್ಣಗಾಗಿಸುತ್ತದೆ. ಗಿರಗಿರ ತಿರುಗುವುದು ಕೆರಳಿಸುತ್ತದೆ, ಅದರ ಪರಿಣಾಮ ನಿಲ್ಲಿಸಿದ ಮೇಲೂ ಮುಂದುವರಿಯುತ್ತದೆ. ಮುಖ ಬಿಳಿಚಿದರೆ, ಬೆವರಿದರೆ, ವಾಕರಿಕೆ ಬಂದರೆ ತಕ್ಷಣ ನಿಲ್ಲಿಸಿ. ಮೂರ್ಛೆರೋಗ ಇದ್ದರೆ ವೈದ್ಯರನ್ನು ಕೇಳದೆ ತಿರುಗಿಸಬಾರದು.

ಕಿವಿಗೆ ಹಾಕುವ ಶಬ್ದನಿರೋಧಕ ಗೊತ್ತಿರುವ ಗದ್ದಲದ ಹೊತ್ತಿಗೆ ಮಾತ್ರ. ದಿನವಿಡೀ ಹಾಕಿದರೆ ಮಾಮೂಲಿ ಶಬ್ದವೂ ಸಹಿಸದಾಗಬಹುದು. ಹೇರ್ ಡ್ರೈಯರ್‌ಗೆ ಹೆದರುವ ಮಗುವಿಗೆ ಪಕ್ಕದ ಕೋಣೆಯಿಂದ, ಸ್ವಿಚ್ ಅದರ ಕೈಯಲ್ಲೇ ಕೊಟ್ಟು, ಕೆಲವೇ ಸೆಕೆಂಡು ಕೇಳಿಸಿ. ದೂರ, ಅವಧಿ, ಜೋರು, ಮೂರರಲ್ಲಿ ಒಂದನ್ನಷ್ಟೇ ಒಮ್ಮೆಗೆ ಬದಲಿಸಬೇಕು. ಭಾರದ ಜಾಕೆಟ್‌ಗೆ ಪುರಾವೆ ದುರ್ಬಲ, ನಾನು ಅದನ್ನು ಮೊದಲ ಆಯ್ಕೆಯಾಗಿ ಸೂಚಿಸುವುದಿಲ್ಲ. ಭಾರದ ಹೊದಿಕೆ ಶಿಶುಗಳಿಗೆ, ಪುಟ್ಟ ಮಕ್ಕಳಿಗೆ ಬೇಡವೇ ಬೇಡ. ತಾನಾಗಿ ತೆಗೆಯಲಾರದ ಮಗುವಿಗೂ ಬೇಡ.

ರಂಪ ಏರಿದಾಗ ಬುದ್ಧಿ ಹೇಳಬೇಡಿ, ಮಾತೂ ಆಗ ಒಂದು ಹೊರೆ. ದೀಪ ಮಂದ ಮಾಡಿ, ಜನರನ್ನು ಕಳಿಸಿ, ಹಿಂದಿನಿಂದ ಮುಟ್ಟದೆ ಹತ್ತಿರ ಕುಳಿತಿರಿ.

ಸಂವೇದನೆಗಳ ಹದದ ಈ ಸಿದ್ಧಾಂತವನ್ನು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಎ. ಜೀನ್ ಏರ್ಸ್ ಕಟ್ಟಿದರು. ಆದರೂ ಹದ ತಪ್ಪುವುದು ಸ್ವತಂತ್ರ ಕಾಯಿಲೆಯ ಹೆಸರಲ್ಲ. 2012ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಇದನ್ನು ಪ್ರತ್ಯೇಕ ರೋಗನಿರ್ಣಯವಾಗಿ ಬಳಸಬಾರದೆಂದಿತು. ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯಾದ 2013ರ ಡಿಎಸ್‌ಎಂ-5 ಇದೇ ಲಕ್ಷಣಗಳನ್ನು ಆಟಿಸಂನ ಮಾನದಂಡಗಳೊಳಗೆ ಸೇರಿಸಿತು. ಎಡಿಎಚ್‌ಡಿ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ), ಆತಂಕದಲ್ಲೂ ಇವು ಕಾಣುತ್ತವೆ, ಹಾಗಾಗಿ ಪೂರ್ಣ ಬೆಳವಣಿಗೆಯ ಪರೀಕ್ಷೆ ಬಿಡಬಾರದು. ಕಲಿತ ಮಾತು ಕಳೆದುಕೊಂಡರೆ, ತನ್ನನ್ನೇ ಗಾಯ ಮಾಡಿಕೊಂಡರೆ, ತೂಕ ಇಳಿದರೆ ದಾಖಲೆಗೆ ಕಾಯದೆ ವೈದ್ಯರ ಬಳಿಗೆ ಹೋಗಬೇಕು.

ನಾವು ಗುರಿ ಬರೆದುಕೊಂಡು 6ರಿಂದ 8 ವಾರ ಪ್ರಯತ್ನಿಸುತ್ತೇವೆ. ರಂಪದ ಸಂಖ್ಯೆ ಅಷ್ಟೇ ಇದ್ದು, ತಣ್ಣಗಾಗುವ ಹೊತ್ತು 40 ನಿಮಿಷದಿಂದ 15ಕ್ಕೆ ಇಳಿದಿದ್ದರೆ ಯೋಜನೆ ಮುಂದುವರಿಸುತ್ತೇವೆ. ಎರಡೂ ಕದಲದಿದ್ದರೆ ಅದನ್ನು ಕೈಬಿಟ್ಟು, ದಾಖಲೆಯ ಮೊದಲ ಪುಟದಿಂದ ಮತ್ತೆ ಓದುತ್ತೇವೆ.